ಬುತ್ತಿ ಇದ್ದೂ ಸಾಯುವ ಮರಿಗಳು

ಲೇಕ್ ಟ್ರೌಟ್ ಮೀನಿನ ಮರಿ ಮೊಟ್ಟೆಯೊಡೆದು ಬರುವಾಗ ಅದರ ಹೊಟ್ಟೆಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಅಂಟಿಕೊಂಡಿರುತ್ತದೆ. ಅದು ಹಳದಿ ಲೋಳೆಯ ಪುಟ್ಟ ಚೀಲ. ವಾರಗಟ್ಟಲೆ ಮರಿ ಕಲ್ಲುಗಳ ಸಂದಿಯಲ್ಲಿ ಕುಳಿತು ಅದರಲ್ಲೇ ಬೆಳೆಯುತ್ತದೆ. ಬುತ್ತಿ ತಳ ಕಾಣುವ ಹೊತ್ತಿಗೆ ಮೇಲೆದ್ದು ಈಜಿ ತನ್ನ ಬೇಟೆಯನ್ನು ತಾನೇ ಹುಡುಕಬೇಕು. ಉತ್ತರ ಅಮೆರಿಕದ ಮಹಾಸರೋವರಗಳ ಮೊಟ್ಟೆಗಳಿಂದ ಹುಟ್ಟಿದ ಎಷ್ಟೋ ಮರಿಗಳು ಈ ಹೊಸ್ತಿಲಲ್ಲೇ ಸಾಯುತ್ತಿದ್ದವು. ಅವು ಸಮತೋಲನ ತಪ್ಪಿ, ತಿರುಪಿನಂತೆ ಸುತ್ತಿ, ಮಗ್ಗುಲಾಗಿ ತಳಕ್ಕೆ ಬೀಳುತ್ತಿದ್ದವು.

ಎಲ್ಲರೂ ಮೊದಲು ಹುಡುಕಿದ್ದು ವಿಷವನ್ನು. ಅದಕ್ಕೆ ಕಾರಣವೂ ಇತ್ತು: ಆ ನೀರಿನಲ್ಲಿ ಡಿಡಿಟಿ ಎಂಬ ಕೀಟನಾಶಕ, ಪಿಸಿಬಿ ಎಂಬ ಕಾರ್ಖಾನೆಯ ರಾಸಾಯನಿಕ ಎರಡೂ ಸೇರಿದ್ದವು. ಬಾಲ್ಟಿಕ್ ಸಮುದ್ರದಿಂದ ನದಿಗೆ ಬಂದು ಮೊಟ್ಟೆಯಿಡುವ ಸಾಮನ್ ಮೀನುಗಳ ಮರಿಗಳಲ್ಲೂ ಇಂಥದೇ ರೋಗ ಕಂಡಾಗ ಸ್ವೀಡನ್ನಿನವರು ಅದನ್ನು ಎಂ74 ಎಂದು ಕರೆದರು. 74 ಎಂದರೆ 1974. ‘ಎಂ’ ಎಂಬುದು ಪರಿಸರ ಎಂಬ ಅರ್ಥದ ಸ್ವೀಡಿಷ್ ಪದದ ಮೊದಲ ಅಕ್ಷರ. ಅನುಮಾನ ಹೆಸರಿನಲ್ಲೇ ಕುಳಿತುಬಿಟ್ಟಿತ್ತು. ಇರುವ ವಿಷವನ್ನು ಅಳೆಯುವುದು ಸುಲಭ. ಇಲ್ಲದಿರುವುದನ್ನು ಹುಡುಕಬೇಕೆಂದು ಹೊಳೆಯುವುದೇ ಕಷ್ಟ.

1990ರ ದಶಕದಲ್ಲಿ ಸಂಶೋಧಕರು ಅಂಥ ಮರಿಗಳನ್ನು ಥಯಾಮಿನ್, ಅಂದರೆ ಬಿ1 ವಿಟಮಿನ್, ಕರಗಿಸಿದ ನೀರಿನಲ್ಲಿ ಬಿಟ್ಟರು. ಬಿದ್ದಿದ್ದ ಮರಿಗಳು ಎದ್ದು ನೇರವಾಗಿ ಈಜಿದವು! ಈ ಪ್ರಯೋಗವನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಬುತ್ತಿಯಲ್ಲಿ ಕೊಬ್ಬಿತ್ತು, ಪ್ರೋಟೀನ್ ಇತ್ತು. ಅವುಗಳಿಂದ ಶಕ್ತಿ ತೆಗೆಯುವ ಕಿಣ್ವಗಳಿಗೆ ಜೊತೆಗಾರನಾಗಬೇಕಿದ್ದ ಥಯಾಮಿನ್ ಮಾತ್ರ ಇರಲಿಲ್ಲ. ಸೌದೆ ರಾಶಿ ಬಿದ್ದಿದೆ, ಕಡ್ಡಿಪೆಟ್ಟಿಗೆ ಇಲ್ಲ. ಶಕ್ತಿಯ ಕೊರತೆಗೆ ಮೊದಲು ಸೋಲುವುದು ಮಿದುಳು. ಆ ತಿರುಪಿನ ಈಜು ಅದರ ಗುರುತು.

ಥಯಾಮಿನ್ ಎಲ್ಲಿಗೆ ಹೋಯಿತು? ತಾಯಿ ಹೊಟ್ಟೆತುಂಬ ತಿಂದಿದ್ದಳು. ಅವಳ ಊಟ ಏಲ್‌ವೈಫ್ ಎಂಬ ಸಣ್ಣ ಮೀನು. ಅದು ಅಟ್ಲಾಂಟಿಕ್ ಕರಾವಳಿಯದು. ಕಾಲುವೆಗಳ ದಾರಿ ಹಿಡಿದು ಒಳಸರೋವರಗಳಿಗೆ ನುಗ್ಗಿ 1949ರ ಹೊತ್ತಿಗೆ ಮಿಶಿಗನ್ ಸರೋವರದಲ್ಲೂ ಕಾಣಿಸಿಕೊಂಡಿತು. ಏಲ್‌ವೈಫ್ ಮಾಂಸದಲ್ಲಿ ಥಯಾಮಿನ್ ಸಾಕಷ್ಟಿದೆ. ಜೊತೆಗೇ ಥಯಾಮಿನೇಸ್ ಎಂಬ ಕಿಣ್ವವೂ ಇದೆ. ಥಯಾಮಿನ್ ಅಣುವಿನಲ್ಲಿ ಎರಡು ಉಂಗುರಗಳಿವೆ. ಒಂದೇ ಒಂದು ಕಾರ್ಬನ್ ಪರಮಾಣು ಅವುಗಳ ನಡುವಿನ ಸೇತುವೆ. ಥಯಾಮಿನೇಸ್ ಆ ಸೇತುವೆಯನ್ನೇ ಕಡಿದು, ಬಿಡಿಯಾದ ಉಂಗುರಕ್ಕೆ ಬೇರೊಂದು ಅಣುವನ್ನು ಗಂಟುಹಾಕುತ್ತದೆ. ಬೀಗದ ಕೈಯ ಹಿಡಿ ಉಳಿಸಿ ಹಲ್ಲನ್ನು ಮುರಿದು, ಆ ಜಾಗಕ್ಕೆ ಕಡ್ಡಿಯೊಂದನ್ನು ಸಿಕ್ಕಿಸಿದಂತೆ. ನೋಡಲು ಕೀಲಿಯೇ, ಬೀಗ ತೆಗೆಯುವುದಿಲ್ಲ. ಕತ್ತರಿ ಬಟ್ಟೆ ಕತ್ತರಿಸಿ ಸವೆದು ಮುಗಿಯದಂತೆ ಕಿಣ್ವವೂ ಮುಗಿಯುವುದಿಲ್ಲ. ಒಂದಾದ ಮೇಲೊಂದು ಅಣುವನ್ನು ತುಂಡರಿಸುತ್ತ ಹೋಗುತ್ತದೆ. ಹೀಗಾಗಿ ಟ್ರೌಟ್‌ನ ಊಟದಲ್ಲಿದ್ದ ವಿಟಮಿನ್ ರಕ್ತ ಸೇರುವ ಮೊದಲೇ ಕರುಳಿನಲ್ಲಿ ಹಾಳಾಗುತ್ತದೆ. ತಾಯಿ ದುಂಡಗೆ ಬೆಳೆದು ಮೊಟ್ಟೆಯಿಡುತ್ತಾಳೆ, ಮೊಟ್ಟೆಗೆ ಹಾಕಲು ಅವಳ ಬಳಿ ಥಯಾಮಿನ್ ಇರುವುದಿಲ್ಲ. ಹೊಟ್ಟೆ ತುಂಬಿದರೆ ಪೋಷಣೆಯಾಯಿತು ಎಂದು ನಂಬುವವರಿಗೆ ನಾನು ಯಾವಾಗಲೂ ಈ ಮೀನಿನ ಕಥೆ ಹೇಳುತ್ತೇನೆ.

ಸುಳಿವು ಹಳೆಯದೇ. 1930ರ ದಶಕದಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಚಾಸ್ಟೆಕ್ ಎಂಬುವರು ತುಪ್ಪಳಕ್ಕಾಗಿ ನರಿಗಳನ್ನು ಸಾಕುತ್ತಿದ್ದರು. ಹಸಿ ಕಾರ್ಪ್ ಮೀನು ತಿಂದ ನರಿಗಳು ಕಾಲಿನ ಸ್ವಾಧೀನ ಕಳೆದುಕೊಂಡು ಸತ್ತವು. ಇಂದಿಗೂ ಆ ರೋಗಕ್ಕೆ ಚಾಸ್ಟೆಕ್ ಪಾರ್ಶ್ವವಾಯು ಎಂದೇ ಹೆಸರು. ಮೀನನ್ನು ಬೇಯಿಸಿಕೊಟ್ಟರೆ ಈ ತೊಂದರೆಯಿಲ್ಲ, ಏಕೆಂದರೆ ಶಾಖಕ್ಕೆ ಕಿಣ್ವ ಕೆಡುತ್ತದೆ. ಅದಕ್ಕೂ ಮೊದಲು, 1890ರ ದಶಕದಲ್ಲಿ, ಜಾವಾ ದ್ವೀಪದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳು ಬೆರಿಬೆರಿಯಂಥ ರೋಗದಿಂದ ಕುಸಿಯುವುದನ್ನು ಕಂಡಿದ್ದರು. ಅಲ್ಲಿಯೂ ರೋಗಾಣುವೋ ವಿಷವೋ ಇರಬೇಕೆಂದೇ ಮೊದಲು ಭಾವಿಸಿದ್ದರು. ಕೋಳಿ, ನರಿ, ಮೀನು: ಕಾಣೆಯಾಗಿದ್ದುದು ಅದೇ ವಿಟಮಿನ್.

ಮರಿ ಬೆಳೆಸುವ ಕೇಂದ್ರಗಳಲ್ಲಿ ಈಗ ಮೊಟ್ಟೆ ಅಥವಾ ಮರಿಗಳಿಗೆ ಥಯಾಮಿನ್ ಸ್ನಾನ ಮಾಡಿಸಿ ಉಳಿಸಿಕೊಳ್ಳುತ್ತಾರೆ. ಸರೋವರದ ತಳದಲ್ಲಿ ಹುಟ್ಟುವ ಮರಿಗೆ ಆ ಸೌಲಭ್ಯವಿಲ್ಲ. ಹ್ಯೂರನ್ ಸರೋವರದಲ್ಲಿ 2003–04ರ ಸುಮಾರಿಗೆ ಏಲ್‌ವೈಫ್ ಸಂತತಿ ಕುಸಿದುಬಿದ್ದಿತು. ಆ ಬಳಿಕ, ಯಾರೂ ತಂದು ಬಿಡದ, ಅಲ್ಲಿಯೇ ಹುಟ್ಟಿದ ಲೇಕ್ ಟ್ರೌಟ್ ಮರಿಗಳು ಬಲೆಗೆ ಹೆಚ್ಚಾಗಿ ಸಿಗತೊಡಗಿದವು. ಏಲ್‌ವೈಫ್ ಎಳೆಯ ಮರಿಗಳನ್ನು ನುಂಗುವುದೂ ಉಂಟು, ಹಾಗಾಗಿ ಲಾಭ ಎರಡು ಕಡೆಯಿಂದ ಬಂದಿರಬೇಕು. ಆದರೆ ಅದೇ ಏಲ್‌ವೈಫ್ ಅನ್ನು ನಂಬಿ ಬದುಕಿದ್ದ ಚಿನೂಕ್ ಸಾಮನ್ ಮೀನುಗಳೂ ಹ್ಯೂರನ್‌ನಲ್ಲಿ ಆಗಲೇ ಕುಸಿದವು. ಗಾಳ ಹಾಕುವವರ ಅಚ್ಚುಮೆಚ್ಚಿನ ಚಿನೂಕ್ ಮಿಶಿಗನ್ ಸರೋವರದಲ್ಲಿ ಉಳಿಯಬೇಕೆಂದರೆ ಏಲ್‌ವೈಫ್ ಬೇಕು. ಲೇಕ್ ಟ್ರೌಟ್ ತಾನಾಗಿ ಮರಿ ಮಾಡಿ ಹೆಚ್ಚಬೇಕೆಂದರೆ ಅದು ಕಡಿಮೆಯಾಗಬೇಕು. ಅಲ್ಲಿನ ಮೀನುಗಾರಿಕೆ ಅಧಿಕಾರಿಗಳು ಪ್ರತಿ ಬಾರಿ ಎಷ್ಟು ಮರಿ ಬಿಡಬೇಕೆಂದು ಲೆಕ್ಕಹಾಕುವಾಗ ಈ ಎರಡನ್ನೂ ತೂಗಿನೋಡಬೇಕಾಗಿದೆ.