ದಾಖಲಾತಿ ಇಳಿದಾಗ ಹೋದ ಬ್ಯಾಚ್ ಕಡೆ ನೋಡಿ

"ನಮ್ಮ ಹೆಸರು ಎಲ್ಲರಿಗೂ ಗೊತ್ತು, ಜಾಹೀರಾತಿಗೂ ಚೆನ್ನಾಗಿ ಖರ್ಚು ಮಾಡಿದ್ದೇವೆ. ಆದರೂ ಈ ಸಲ ಯಾಕೆ ಜನ ಸೇರುತ್ತಿಲ್ಲ?" ಆನ್‌ಲೈನ್ ಕೋರ್ಸ್ ನಡೆಸುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಹೊಸ ಜಾಹೀರಾತು ನೋಡುವ ಮೊದಲು ನಾನು ಹೋದ ಬ್ಯಾಚ್‌ನವರು ಏನು ಹೇಳಿದ್ದಾರೆ ಅಂತ ಓದುತ್ತೇನೆ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ಕೋರ್ಸ್ ಕೊಳ್ಳುವಾಗ ಫೀಸು ಮೊದಲೇ ಕಟ್ಟಬೇಕು, ಪಾಠ ಹೇಗಿದೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಕಲಿತದ್ದು ಉಪಯೋಗಕ್ಕೆ ಬಂತಾ ಅಂತ ತಿಳಿಯಲು ಇನ್ನೂ ಎಷ್ಟೋ ದಿನ ಬೇಕು. ಅದಕ್ಕೇ ಜನ ಗೊತ್ತಿರುವ ಹೆಸರನ್ನು ನಂಬುತ್ತಾರೆ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಉಚಿತವಾಗಿ ಕೊಟ್ಟಾಗ ಸುಮಾರು 1,60,000 ಜನ ಹೆಸರು ಬರೆಸಿದರು. ದೊಡ್ಡ ಹೆಸರಿನ ಬಲ ಅಷ್ಟಿದೆ.

ಆದರೆ ಸೇರಿದವರು ಉಳಿಯುತ್ತಾರಾ, ಮತ್ತೆ ಬರುತ್ತಾರಾ? ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸ್ ತಾಣದಲ್ಲಿ ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ನಡೆಸಿದ ಕೋರ್ಸ್‌ಗಳ ಲೆಕ್ಕ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಶೇ. 3ರಷ್ಟು ಮಾತ್ರ. ದುಡ್ಡು ಕೊಟ್ಟು ಪ್ರಮಾಣಪತ್ರಕ್ಕೆ ಸೇರಿದವರಲ್ಲಿ ಶೇ. 46. ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು: ಒಂದು ವರ್ಷ ಸೇರಿದವರಲ್ಲಿ ಬಹುಪಾಲು ಜನ ಮರುವರ್ಷ ಆ ಕಡೆ ತಲೆ ಹಾಕಲಿಲ್ಲ. ಜಗತ್ತಿನಲ್ಲೇ ಅತಿ ದೊಡ್ಡ ಹೆಸರುಗಳ ಕಥೆ ಇದು.

ಸೇರಬೇಕಾ ಬೇಡವಾ ಅಂತ ಯೋಚಿಸುತ್ತಿರುವವರು ಕೋರ್ಸ್‌ನ ಪುಟವನ್ನು ಹೇಗೆ ನೋಡುತ್ತಾರೆ ಅಂತ ಗಮನಿಸಿ. ಐದು ಸ್ಟಾರ್‌ನ ಹೊಗಳಿಕೆಯನ್ನು ಸರಸರ ದಾಟಿಸಿ, ಎರಡು-ಮೂರು ಸ್ಟಾರ್ ಕೊಟ್ಟವರ ಮಾತಿಗೆ ಬಂದು ನಿಲ್ಲುತ್ತಾರೆ. ಅಲ್ಲಿ ಇರುವುದು ಇಂಥ ಮಾತು: "ಡೌಟ್ ಕೇಳಿ ವಾರ ಆಯಿತು, ಉತ್ತರ ಇಲ್ಲ." "ವೀಡಿಯೊದಲ್ಲಿ ಇರುವುದು ಸಾಫ್ಟ್‌ವೇರ್‌ನ ಹಳೇ ಆವೃತ್ತಿ, ಅವರು ತೋರಿಸುವ ಬಟನ್ನೇ ನನ್ನ ಪರದೆಯಲ್ಲಿ ಇಲ್ಲ." "ಅಸೈನ್‌ಮೆಂಟ್‌ಗೆ ಅಂಕ ಬಂತು, ಎಲ್ಲಿ ತಪ್ಪಿದೆ ಅಂತ ಯಾರೂ ಹೇಳಲಿಲ್ಲ." ಇಂಥ ಮೂರು ಸಾಲು ಓದಿದವರು ಸುಮ್ನೆ ಪುಟ ಮುಚ್ಚುತ್ತಾರೆ. ಅವರು ಯಾಕೆ ಹೋದರು ಅನ್ನುವುದು ಜಾಹೀರಾತು ವಿಭಾಗದವರಿಗೆ ತಿಳಿಯುವುದೇ ಇಲ್ಲ.

ಬ್ರ್ಯಾಂಡ್ ಮತ್ತು ತೃಪ್ತಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಗ್ರಾಹಕರ ತೃಪ್ತಿಯ ಬಗ್ಗೆ ಸಂಶೋಧನೆ ಮಾಡಿದ ರಿಚರ್ಡ್ ಆಲಿವರ್ 1980ರಲ್ಲೇ ಇದನ್ನು ವಿವರಿಸಿದ್ದರು: ಗ್ರಾಹಕ ತನಗೆ ಸಿಕ್ಕಿದ್ದನ್ನು ತಾನು ನಿರೀಕ್ಷಿಸಿದ್ದರ ಪಕ್ಕ ಇಟ್ಟು ನೋಡುತ್ತಾನೆ. ಆ ನಿರೀಕ್ಷೆ ಹುಟ್ಟಿಸುವುದು ಬ್ರ್ಯಾಂಡೇ ಅಲ್ವಾ? "ಮೂರು ತಿಂಗಳಲ್ಲಿ ಡೇಟಾ ಪರಿಣತರಾಗಿ" ಅಂತ ಕರೆದರೆ ಜಾಸ್ತಿ ಜನ ಬರಬಹುದು. "ಮೂರು ತಿಂಗಳ ಕೊನೆಗೆ ಒಂದು ಡೇಟಾ ವರದಿಯನ್ನು ನೀವೇ ತಯಾರಿಸುತ್ತೀರಿ, ವಾರಕ್ಕೆ ಎಂಟು ಗಂಟೆ ಕೂರಬೇಕು" ಅಂದರೆ ಕಡಿಮೆ ಜನ ಬರಬಹುದು. ಪಾಠ ಎರಡರಲ್ಲೂ ಒಂದೇ ಇದ್ದರೂ, ಮೊದಲನೆಯದರಲ್ಲಿ ಬೇಸರಪಟ್ಟು ಹೋಗುವವರೇ ಹೆಚ್ಚು. ನಾನು ಯಾವಾಗಲೂ ಎರಡನೆಯದನ್ನೇ ಬರೆಯಿರಿ ಅನ್ನುತ್ತೇನೆ.

ಸಮೀಕ್ಷೆಯ ವಿಷಯಕ್ಕೂ ಬರಬೇಕು. ಅಭಿಪ್ರಾಯ ಕೇಳುವ ಫಾರ್ಮನ್ನು ಕೋರ್ಸ್ ಕೊನೆಗೆ ಕಳಿಸಿದರೆ ಅದು ತಲುಪುವುದು ಮುಗಿಸಿದವರನ್ನು ಮಾತ್ರ. ಎಲ್ಲ ಚೆನ್ನಾಗಿದೆ ಅಂತ ವರದಿ ಬರುತ್ತದೆ. ಮಧ್ಯದಲ್ಲಿ ಬಿಟ್ಟವರು ತಮ್ಮ ಗೆಳೆಯರ ಹತ್ತಿರ ಬೇರೆಯೇ ಹೇಳುತ್ತಿರುತ್ತಾರೆ. ಎರಡನೇ ವಾರದ ಕೊನೆಗೇ ಎರಡು ಪ್ರಶ್ನೆ ಕೇಳಿ. ಲಾಗಿನ್ ಆಗುವುದನ್ನು ನಿಲ್ಲಿಸಿದವರಿಗೆ ಫೋನ್ ಮಾಡಿ.

ಹಾಗಂತ ಕಲಿಯುವವರನ್ನು ಖುಷಿಪಡಿಸಲು ಪಾಠವನ್ನು ಸಡಿಲ ಮಾಡಬೇಡಿ. 2019ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಯ ಅಧ್ಯಯನವೊಂದರಲ್ಲಿ, ತಾವೇ ತಲೆ ಕೆಡಿಸಿಕೊಂಡು ಲೆಕ್ಕ ಬಿಡಿಸಿದ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು. ಆದರೆ ಸೊಗಸಾದ ಉಪನ್ಯಾಸ ಕೇಳಿದವರಿಗಿಂತ ಕಡಿಮೆ ಕಲಿತೆವು ಅಂತ ಅವರಿಗೆ ಅನಿಸಿತ್ತು. ಶುರುವಿಗೆ ಕಷ್ಟ ಅನಿಸುತ್ತದೆ, ಅದು ಸಹಜ ಅಂತ ಮೊದಲ ಪಾಠದಲ್ಲೇ ಹೇಳಿಬಿಡುವುದು ಒಳ್ಳೆಯದು.

ಇನ್ನೂ ಹೆಸರು ಮಾಡದ ಸಣ್ಣ ಸಂಸ್ಥೆಗಳಿಗೂ ಇಲ್ಲಿ ದಾರಿ ಇದೆ. ಒಂದು ಪೂರ್ತಿ ಪಾಠವನ್ನು ಎಲ್ಲರಿಗೂ ತೆರೆದಿಡಿ. ತಿದ್ದಿದ ಅಸೈನ್‌ಮೆಂಟ್ ಒಂದನ್ನು, ಬರೆದವರ ಒಪ್ಪಿಗೆ ಪಡೆದು, ಹೆಸರು ತೆಗೆದು ತೋರಿಸಿ. ಡೌಟ್‌ಗೆ ಎಷ್ಟು ಗಂಟೆಯೊಳಗೆ ಯಾರು ಉತ್ತರ ಕೊಡುತ್ತಾರೆ, ಫೀಸು ವಾಪಸ್ ಯಾವಾಗ ಸಿಗುತ್ತದೆ ಅನ್ನುವುದನ್ನು ಫೀಸು ಕಟ್ಟುವ ಬಟನ್‌ನ ಪಕ್ಕದಲ್ಲೇ ಬರೆಯಿರಿ.