ಮಿನಾಕ್ಸ್ ಕ್ಯಾಮೆರಾದ ಒಳಗಿನ ಲೆಕ್ಕ: ಸಂಗ್ರಾಹಕರಿಗೊಂದು ಅಧ್ಯಯನ ಟಿಪ್ಪಣಿ

ಅಂಗೈಯಲ್ಲಿ ಅಡಗುವ ಫಿಲ್ಮ್ ಕ್ಯಾಮೆರಾಗಳನ್ನು ಸಂಗ್ರಹಿಸಲು ಹೊರಟವರು ಹೊರಕವಚದ ಹೊಳಪಿಗಿಂತ ಮೊದಲು ನೆಗೆಟಿವ್‌ನ ಅಳತೆಯನ್ನು ಗಮನಿಸಬೇಕು. ಸಾಮಾನ್ಯ 35 ಮಿ.ಮೀ. ಕ್ಯಾಮೆರಾದಲ್ಲಿ ಚಿತ್ರದ ಅಳತೆ 24×36 ಮಿ.ಮೀ.; ಮಿನಾಕ್ಸ್‌ನಲ್ಲಿ ಅದು ಕೇವಲ 8×11 ಮಿ.ಮೀ., ಅಂದರೆ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು. ಇಂಥದೇ ಪುಟ್ಟ ಕ್ಯಾಮೆರಾ ಮಿನೋಲ್ಟಾ 16ರ ಮೊದಲ ಮಾದರಿಗಳದು 10×14, ಕೊಡಕ್ 1972ರಲ್ಲಿ ತಂದ 110 ಫಿಲ್ಮಿನದು 13×17. ಈ ಟಿಪ್ಪಣಿಯಲ್ಲಿ ಮಿನಾಕ್ಸನ್ನೇ ಆರಿಸಿಕೊಂಡಿದ್ದೇನೆ, ಏಕೆಂದರೆ ಅದರ ಪ್ರತಿಯೊಂದು ಭಾಗದ ಹಿಂದೆಯೂ ಈ ಅಳತೆಯ ಲೆಕ್ಕವಿದೆ.

ವಾಲ್ಟರ್ ಜಾಪ್ ರೂಪಿಸಿದ ಈ ಕ್ಯಾಮೆರಾ ಮೊದಲು ಲಾಟ್ವಿಯಾದ ರೀಗಾ ನಗರದ ವಿಇಎಫ್ ಕಾರ್ಖಾನೆಯಲ್ಲಿ ತಯಾರಾಯಿತು. ಯುದ್ಧಾನಂತರ ತಯಾರಿಕೆ ಪಶ್ಚಿಮ ಜರ್ಮನಿಯಲ್ಲಿ ಮುಂದುವರಿಯಿತು. ಅದರ ಪ್ರಮುಖ ಮಾದರಿಗಳ ಲೆನ್ಸಿನ ನಾಭಿದೂರ 15 ಮಿ.ಮೀ., ದ್ಯುತಿರಂಧ್ರ (ಬೆಳಕು ಒಳಬರುವ ತೆರಪು; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) ಎಫ್/3.5, ಅದನ್ನು ಕಿರಿದುಗೊಳಿಸುವ ವ್ಯವಸ್ಥೆಯೇ ಇಲ್ಲ. ಇದನ್ನು ಕೊರತೆಯೆಂದು ಭಾವಿಸುವವರುಂಟು, ಆದರೆ ನನ್ನ ದೃಷ್ಟಿಯಲ್ಲಿ ಇದೇ ಈ ವಿನ್ಯಾಸದ ಅತ್ಯಂತ ವಿವೇಕದ ನಿರ್ಧಾರ. ರಂಧ್ರವನ್ನು ಎಫ್/11ಕ್ಕೆ ಇಳಿಸಿದರೆ ಬೆಳಕಿನ ವಿವರ್ತನೆಯಿಂದ (ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ) ಪ್ರತಿ ಬಿಂದುವೂ ಸುಮಾರು 0.015 ಮಿ.ಮೀ. ಅಗಲದ ಚುಕ್ಕೆಯಾಗಿ ಹರಡುತ್ತದೆ, 11 ಮಿ.ಮೀ. ಚಿತ್ರವನ್ನು 25 ಸೆಂ.ಮೀ. ಅಗಲಕ್ಕೆ ಹಿಗ್ಗಿಸಿದಾಗ ಆ ಮಸುಕು ಕಣ್ಣಿಗೆ ಬೀಳುತ್ತದೆ. ಎಫ್/3.5ರಲ್ಲಿ ಆ ಚುಕ್ಕೆ ಮೂರರಲ್ಲೊಂದು ಪಾಲು ಮಾತ್ರ. ನಾಭಿದೂರ ಚಿಕ್ಕದಾಗಿರುವುದರಿಂದ, ಪೂರ್ತಿ ತೆರೆದ ರಂಧ್ರದಲ್ಲಿಯೂ ಫೋಕಸಿನ ಆಳ (ಸ್ಪಷ್ಟವಾಗಿ ಮೂಡುವ ದೂರಗಳ ವ್ಯಾಪ್ತಿ) 35 ಮಿ.ಮೀ. ಕ್ಯಾಮೆರಾವನ್ನು ಎಫ್/11ಕ್ಕೆ ಇಟ್ಟಾಗ ಸಿಗುವಷ್ಟಿರುತ್ತದೆ.

ಹೀಗಾಗಿ ಬೆಳಕಿನ ನಿಯಂತ್ರಣವೆಲ್ಲ ಷಟರಿನ ಪಾಲಿಗೆ ಬರುತ್ತದೆ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಬೇಕಲ ಕೋಟೆಯ ಬುರುಜನ್ನು ಐಎಸ್ಒ 100ರ ಫಿಲ್ಮಿನಲ್ಲಿ (ಐಎಸ್ಒ ಎಂದರೆ ಬೆಳಕಿಗೆ ಫಿಲ್ಮಿನ ಸಂವೇದನೆಯ ಅಳತೆ) ತೆಗೆಯುವುದಾದರೆ ಎಫ್/3.5ಕ್ಕೆ ಸುಮಾರು 1/2000 ಸೆಕೆಂಡ್ ಬೇಕು, ಆದರೆ ಷಟರಿನ ಗರಿಷ್ಠ ವೇಗ 1/1000. ಐಎಸ್ಒ 25ರ ಫಿಲ್ಮಿಗಾದರೆ 1/500 ಸಾಕಾಗುತ್ತದೆ, ಚಿತ್ರ ಮೂಡಿಸುವ ಫಿಲ್ಮಿನ ಹರಳುಗಳೂ ನಯವಾಗಿರುತ್ತವೆ. ನಂತರದ ಕೆಲವು ಮಾದರಿಗಳಲ್ಲಿ ಬೆಳಕನ್ನು ತಗ್ಗಿಸುವ ಬೂದು ಫಿಲ್ಟರನ್ನು ಒಳಗೇ ಅಳವಡಿಸಿದ್ದು ಈ ಕಾರಣಕ್ಕಾಗಿಯೇ.

ಕಾಸರಗೋಡಿನಂತಹ ಕರಾವಳಿಯಲ್ಲಿರುವ ನಮಗೆ ಕೊಳ್ಳುವಾಗಿನ ಪರೀಕ್ಷೆಯೂ ಬೇರೆಯೇ. ಆಟಿಯ ತೇವದಲ್ಲಿ ಮುಚ್ಚಿದ ಕಪಾಟಿನೊಳಗಿದ್ದ ಲೆನ್ಸಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಟಾರ್ಚನ್ನು ಓರೆಯಾಗಿ ಹಿಡಿದಾಗ ಗಾಜಿನ ಮೇಲೆ ಜೇಡರ ಬಲೆಯ ಎಳೆಗಳಂತಹ ಗುರುತು ಕಂಡರೆ ಆ ಕ್ಯಾಮೆರಾವನ್ನು ಬಿಟ್ಟುಬಿಡುವುದೇ ಲೇಸು. 1958ರ ಮಿನಾಕ್ಸ್ ಬಿ ಮಾದರಿಯ ಬೆಳಕಿನ ಮಾಪಕಕ್ಕೆ, ಬೆಳಕಿನಿಂದಲೇ ವಿದ್ಯುತ್ ಕೊಡುವ ಸೆಲೀನಿಯಮ್ ಫಲಕವಿರುವುದರಿಂದ, ಬ್ಯಾಟರಿ ಬೇಡವಾದರೂ, ಆ ಫಲಕ ತೇವದಿಂದ ಸೊರಗಿರಬಹುದು. ಆದ್ದರಿಂದ ಕಿಟಕಿಯ ಬೆಳಕಿಗೂ ನೆರಳಿಗೂ ಸೂಜಿ ಚಲಿಸುವುದೇ ಎಂದು ನೋಡಬೇಕು. ಬಳಿಕ ಷಟರನ್ನು 1/2 ಸೆಕೆಂಡಿಗೆ ಇಟ್ಟು ಕಿವಿಗೊಡಬೇಕು, ಏಕೆಂದರೆ ಗಟ್ಟಿಯಾದ ಎಣ್ಣೆಯ ತೊಂದರೆ ಮೊದಲು ನಿಧಾನದ ವೇಗಗಳಲ್ಲಿಯೇ ಕೇಳಿಸುತ್ತದೆ.

ಖಾಲಿ ಫಿಲ್ಮ್ ಡಬ್ಬಿ ಜೊತೆಗೆ ಸಿಕ್ಕರೆ ಬಿಡಬಾರದು. ಮಿನಾಕ್ಸ್ ಫಿಲ್ಮಿಗೆ ಅಂಚಿನ ರಂಧ್ರಗಳಿಲ್ಲ, ಅಗಲ ಸುಮಾರು 9.2 ಮಿ.ಮೀ.; ಹಾಗಾಗಿ 35 ಮಿ.ಮೀ. ಫಿಲ್ಮಿನ ಎರಡು ರಂಧ್ರಸಾಲುಗಳ ನಡುವಿನ ಭಾಗವನ್ನು ಕತ್ತಲೆಯಲ್ಲಿ ಸೀಳಿದರೆ ಆ ಡಬ್ಬಿಗೆ ತುಂಬಲು ಎರಡು ಪಟ್ಟಿಗಳು ದೊರೆಯುತ್ತವೆ.