ಓದುಗರ ಪ್ರಶ್ನೆ: ಸಲಿಬಾ ಅವರನ್ನು ಆರ್ಸೆನಲ್ ಮೂರು ವರ್ಷ ಹೊರಗಿಟ್ಟದ್ದೇಕೆ?

ಪ್ರಶ್ನೆ: ಫ್ರಾನ್ಸ್‌ನ ಫುಟ್‌ಬಾಲ್ ಡಿಫೆಂಡರ್ (ರಕ್ಷಣಾ ಆಟಗಾರ) ವಿಲಿಯಂ ಸಲಿಬಾ ಅವರನ್ನು ಇಂಗ್ಲೆಂಡ್‌ನ ಕ್ಲಬ್ ಆರ್ಸೆನಲ್ 2019ರಲ್ಲೇ ಖರೀದಿಸಿದರೂ ಅವರು ಆ ತಂಡದ ಪರ ಮೊದಲ ಅಧಿಕೃತ ಪಂದ್ಯ ಆಡಿದ್ದು 2022ರಲ್ಲಿ. ಕ್ಲಬ್‌ಗೆ ಅವರು ಬೇಡವಾಗಿದ್ದರು, ಆಟಗಾರರ ಪಟ್ಟಿಯಿಂದಲೇ ಕೈಬಿಟ್ಟು ಊರೂರು ಅಲೆಸಿದರು ಎನ್ನುವುದು ನಿಜವೇ?

ಉತ್ತರ: ನಿಜವಲ್ಲ. ಇದನ್ನು ಹಿಂದೆಯೂ ಬರೆದಿದ್ದೇನೆ. ಆದರೂ ಯಾವುದೋ ಕ್ಲಬ್ ತನ್ನ ಹತ್ತೊಂಬತ್ತರ ಹುಡುಗನೊಬ್ಬನನ್ನು ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ ಬೇರೆ ಕ್ಲಬ್‌ನಲ್ಲಿ ಆಡಲು, ಕಳುಹಿಸಿದಾಗಲೆಲ್ಲ ಇದೇ ಪ್ರಶ್ನೆ ಮರಳಿ ಬರುತ್ತದೆ. ಬರೀ ‘ಅಲ್ಲ’ ಎಂದು ಹೇಳಿ ಮುಗಿಸಿದರೆ ಈ ನಂಬಿಕೆ ಅಲುಗಾಡುವುದಿಲ್ಲವಾದ್ದರಿಂದ, ಈ ಸಲ ಇಸವಿ ಮತ್ತು ತಿಂಗಳುಗಳ ಲೆಕ್ಕವನ್ನೇ ಮುಂದಿಡುತ್ತೇನೆ.

ಸಲಿಬಾ ಹುಟ್ಟಿದ್ದು 2001ರ ಮಾರ್ಚ್ 24ರಂದು, ಪ್ಯಾರಿಸ್‌ನ ಈಶಾನ್ಯ ಅಂಚಿನ ಬೊಂಡಿಯಲ್ಲಿ. ಕಿಲಿಯನ್ ಎಂಬಾಪೆ ಬೆಳೆದ ಉಪನಗರವೂ ಅದೇ. ಬಾಲಕ ಸಲಿಬಾ ಅವರಿಗೆ ಅಲ್ಲಿನ ಕ್ಲಬ್‌ನಲ್ಲಿ ತರಬೇತಿ ನೀಡಿದವರಲ್ಲಿ ಎಂಬಾಪೆ ಅವರ ತಂದೆ ವಿಲ್ಫ್ರೆಡ್ ಕೂಡ ಒಬ್ಬರು. 2016ರಲ್ಲಿ ಫ್ರಾನ್ಸ್‌ನ ಸೇಂಟ್ ಎಟಿಯೆನ್ ಕ್ಲಬ್‌ನ ಅಕಾಡೆಮಿ ಸೇರಿದ ಸಲಿಬಾ, 2018ರ ಸೆಪ್ಟೆಂಬರ್‌ನಲ್ಲಿ ಟುಲೂಸ್ ವಿರುದ್ಧ ಲೀಗ್ ಪಂದ್ಯಕ್ಕೆ ಕಣಕ್ಕಿಳಿದಾಗ ಅವರಿಗೆ ಹದಿನೇಳು ವರ್ಷ. ಆ ಋತುವಿನಲ್ಲಿ ಅವರು ಆಡಿದ್ದು ಹದಿನಾರೇ ಲೀಗ್ ಪಂದ್ಯ. ಅಷ್ಟಕ್ಕೇ ಆರ್ಸೆನಲ್ ಸುಮಾರು 2 ಕೋಟಿ 70 ಲಕ್ಷ ಪೌಂಡ್ ನೀಡಿ ಅವರನ್ನು ಕೊಂಡಿತು ಎಂದು ಆಗ ವರದಿಯಾಗಿತ್ತು.

ಎಲ್ಲರೂ ಮರೆಯುವ ಸಂಗತಿ ಇಲ್ಲೇ ಇದೆ. 2019ರ ಜುಲೈ 25ರಂದು ಆರ್ಸೆನಲ್ ಈ ಖರೀದಿಯನ್ನು ಘೋಷಿಸಿದಾಗಲೇ, 2019–20ರ ಋತುವನ್ನು ಸಲಿಬಾ ಸೇಂಟ್ ಎಟಿಯೆನ್‌ನಲ್ಲೇ ಲೋನ್ ಮೇಲೆ ಕಳೆಯುತ್ತಾರೆ ಎಂದೂ ತಿಳಿಸಿತ್ತು. ಅಂದರೆ ಮೊದಲನೆಯ ವರ್ಷವು ಯಾರೂ ಅವರನ್ನು ತಿರಸ್ಕರಿಸಿದ ವರ್ಷವಲ್ಲ, ಖರೀದಿಯ ಒಪ್ಪಂದದೊಳಗೇ ಇದ್ದ ವರ್ಷ. ಅಂದು ಮ್ಯಾನೇಜರ್ ಆಗಿದ್ದವರು ಉನಾಯ್ ಎಮೆರಿ. ಮಿಕೆಲ್ ಆರ್ಟೆಟಾ ಬಂದದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಆದ್ದರಿಂದ ‘ಮೂರು ವರ್ಷ ಆರ್ಟೆಟಾ ಆಡಿಸಲಿಲ್ಲ’ ಎಂಬ ದೂರಿನಲ್ಲಿ ಒಂದು ವರ್ಷವನ್ನು ಈಗಲೇ ಕಳೆಯಬೇಕು.

ಇನ್ನು ಋತುವಿನಲ್ಲಿ ಆಡಬಹುದಾದವರ ಪಟ್ಟಿಯ ವಿಷಯ. ಎಷ್ಟು ಸಲ ವಿವರಿಸಿದರೂ ಮತ್ತೆ ಮತ್ತೆ ತಲೆಯೆತ್ತುವ ತಪ್ಪು ಇದು. 2020ರ ಅಕ್ಟೋಬರ್‌ನಲ್ಲಿ ಆರ್ಸೆನಲ್ ಇಂಗ್ಲೆಂಡ್‌ನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ಗೆ ತನ್ನ ಪಟ್ಟಿಯನ್ನು ಸಲ್ಲಿಸಿದಾಗ ಮೆಸುಟ್ ಓಝಿಲ್ ಮತ್ತು ಸೊಕ್ರಾಟಿಸ್ ಅವರ ಹೆಸರುಗಳು ಅದರಲ್ಲಿರಲಿಲ್ಲ. ಸಲಿಬಾ ಅವರ ಹೆಸರೂ ಇಪ್ಪತ್ತೈದರೊಳಗೆ ಕಾಣದಿದ್ದುದರಿಂದ, ಮೂವರಿಗೂ ಒಂದೇ ಗತಿಯಾಯಿತೆಂದು ಜನ ತೀರ್ಮಾನಿಸಿದರು. ನಿಯಮ ಹೇಳುವುದೇ ಬೇರೆ. ಇಪ್ಪತ್ತೈದು ಮಂದಿಯ ಆ ಪಟ್ಟಿಯಲ್ಲಿ, ಇಂಗ್ಲೆಂಡ್ ಅಥವಾ ವೇಲ್ಸ್‌ನ ಕ್ಲಬ್‌ಗಳಲ್ಲಿ ನಿಗದಿತ ಕಾಲ ತರಬೇತಾಗದ ಆಟಗಾರರು ಹದಿನೇಳಕ್ಕಿಂತ ಹೆಚ್ಚು ಇರುವಂತಿಲ್ಲ. ಆದರೆ 21ರೊಳಗಿನ ಆಟಗಾರರನ್ನು ಅದರಲ್ಲಿ ಸೇರಿಸಬೇಕಾದ ಅಗತ್ಯವೇ ಇಲ್ಲ, ಅವರು ಪಟ್ಟಿಯ ಹೊರಗಿದ್ದುಕೊಂಡೇ ಆಡಬಹುದು. 2020–21ರಲ್ಲಿ 1999ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರೆಲ್ಲ ಈ ವಿನಾಯಿತಿಗೆ ಅರ್ಹರಾಗಿದ್ದರು. 2001ರಲ್ಲಿ ಹುಟ್ಟಿದ ಸಲಿಬಾ ಅವರನ್ನು ಯಾವುದೇ ಶನಿವಾರ ಕಣಕ್ಕಿಳಿಸಲು ಲೀಗ್‌ನ ನಿಯಮ ಅಡ್ಡಿಯಾಗಿರಲಿಲ್ಲ.

ಯುರೋಪಿನ ಕ್ಲಬ್‌ಗಳ ಸ್ಪರ್ಧೆಯಾದ ಯುರೋಪಾ ಲೀಗ್‌ನ ಪಟ್ಟಿಯಿಂದ ಅವರನ್ನು ಬಿಟ್ಟದ್ದು ನಿಜ, ಗೊಂದಲ ಹುಟ್ಟಿದ್ದೂ ಬಹುಶಃ ಅಲ್ಲಿಂದಲೇ. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುವೆಫಾದ ಇಂಥ ಸ್ಪರ್ಧೆಗಳಲ್ಲೂ ಎಳೆಯರಿಗೆ ಪ್ರತ್ಯೇಕ ಪಟ್ಟಿ ಇದೆ, ಆದರೆ ಅದರಲ್ಲಿ ಸೇರಲು ಅದೇ ಕ್ಲಬ್‌ನಲ್ಲಿ ಎರಡು ವರ್ಷ ಕಳೆದಿರಬೇಕು. ಹಿಂದಿನ ವರ್ಷವನ್ನು ಫ್ರಾನ್ಸ್‌ನಲ್ಲಿ ಕಳೆದಿದ್ದ ಸಲಿಬಾ ಅವರಿಗೆ ಆ ಅರ್ಹತೆ ಇರಲಿಲ್ಲವಾಗಿ, ಹಿರಿಯರ ಮುಖ್ಯ ಪಟ್ಟಿಯಲ್ಲೇ ಜಾಗ ಬೇಕಿತ್ತು. ಆ ಹೊತ್ತಿಗೆ ಆರ್ಸೆನಲ್‌ನಲ್ಲಿ ಡೇವಿಡ್ ಲೂಯಿಸ್, ಹೊಸದಾಗಿ ಬಂದ ಗೇಬ್ರಿಯೆಲ್, ಹೋಲ್ಡಿಂಗ್, ಮುಸ್ತಫಿ, ಮಾರಿ, ಚೇಂಬರ್ಸ್, ಸೊಕ್ರಾಟಿಸ್ ಮತ್ತು ಸಲಿಬಾ ಸೇರಿ ಎಂಟು ಸೆಂಟರ್ ಬ್ಯಾಕ್‌ಗಳಿದ್ದರು (ರಕ್ಷಣೆಯ ನಡುವೆ ಆಡುವವರು). ಒಂದು ಪಂದ್ಯಕ್ಕೆ ಬೇಕಾಗುವವರು ಇಬ್ಬರು, ಹೆಚ್ಚೆಂದರೆ ಮೂವರು.

ಹಾಗಾದರೆ ಲೀಗ್‌ನಲ್ಲಾದರೂ ಆಡಿಸಲಿಲ್ಲವೇಕೆ? ಅದು ಆರ್ಟೆಟಾ ಅವರ ತೀರ್ಮಾನ, ಅದನ್ನು ನಾನು ಮುಚ್ಚಿಡುವುದಿಲ್ಲ. ಹುಡುಗ ಇನ್ನೂ ಸಿದ್ಧನಾಗಿಲ್ಲ ಎಂದು ಅವರು ಭಾವಿಸಿದರು. ಅದಕ್ಕೆ ಆಧಾರವಿಲ್ಲದೆ ಇರಲಿಲ್ಲ, ಏಕೆಂದರೆ ಹಿಂದಿನ ಋತುವಿನಲ್ಲಿ ಪಾದದ ಮೂಳೆ ಮುರಿದು ಸಲಿಬಾ ತಿಂಗಳುಗಟ್ಟಲೆ ಹೊರಗಿದ್ದರು, ಅವರು ಚೇತರಿಸಿಕೊಳ್ಳುವ ಹೊತ್ತಿಗೆ ಕೋವಿಡ್‌ನಿಂದ ಫ್ರೆಂಚ್ ಲೀಗ್ ಅರ್ಧಕ್ಕೇ ನಿಂತುಹೋಯಿತು. ಬೆರಳೆಣಿಕೆಯ ಪಂದ್ಯಗಳನ್ನು ನೋಡಿ ತನ್ನನ್ನು ಅಳೆದರು ಎಂದು ಸಲಿಬಾ ನಂತರ ಫ್ರೆಂಚ್ ಮಾಧ್ಯಮದೆದುರು ಬೇಸರ ತೋಡಿಕೊಂಡರು, ಆ ಬೇಸರವೂ ನ್ಯಾಯವಾದದ್ದೇ. ಅಕ್ಟೋಬರ್‌ನಲ್ಲಿ ಅವರನ್ನು ಮತ್ತೆ ಸೇಂಟ್ ಎಟಿಯೆನ್‌ಗೆ ಕಳುಹಿಸುವ ಪ್ರಯತ್ನ ಗಡುವಿನೊಳಗೆ ಮುಗಿಯಲಿಲ್ಲ, ಹೀಗಾಗಿ ಜನವರಿಯವರೆಗೆ ಅವರು ಕಿರಿಯರ ತಂಡದಲ್ಲಿ ಆಡುತ್ತ ಕಾಯಬೇಕಾಯಿತು. ನನ್ನ ಲೆಕ್ಕದಲ್ಲಿ ನಿಜವಾಗಿ ವ್ಯರ್ಥವಾದ ಕಾಲ ಇದೊಂದೇ, ಹೆಚ್ಚುಕಡಿಮೆ ಐದು ತಿಂಗಳು. ಆರ್ಸೆನಲ್ ಆಡಳಿತವನ್ನು ಟೀಕಿಸುವವರು ಈ ಐದು ತಿಂಗಳನ್ನು ಹಿಡಿದು ಟೀಕಿಸಲಿ, ನಾನೂ ಜೊತೆಗೂಡುತ್ತೇನೆ. ಅದನ್ನೇ ಮೂರು ವರ್ಷಕ್ಕೆ ಹಿಗ್ಗಿಸುವುದಕ್ಕೆ ಮಾತ್ರ ನನ್ನ ತಕರಾರು.

2021ರ ಜನವರಿಯಲ್ಲಿ ಅವರು ಫ್ರಾನ್ಸ್‌ನ ನೀಸ್ ಕ್ಲಬ್‌ಗೆ ಲೋನ್ ಮೇಲೆ ಸೇರಿದರು. ಅಲ್ಲಿ ಹಿರಿಯ ಡಿಫೆಂಡರ್ ದಾಂತೆ ಮೊಣಕಾಲಿನ ಗಾಯದಿಂದ ಹೊರಗುಳಿದಿದ್ದರು, ಹಾಗಾಗಿ ಖಾಲಿ ಜಾಗ ಇತ್ತು. ಅರ್ಧ ಋತುವಿನಲ್ಲೇ ಸಲಿಬಾ ಇಪ್ಪತ್ತು ಲೀಗ್ ಪಂದ್ಯ ಆಡಿದರು. ಮುಂದಿನ ವರ್ಷ ಇನ್ನೊಂದು ಫ್ರೆಂಚ್ ಕ್ಲಬ್ ಮಾರ್ಸೇಲ್‌ನಲ್ಲಿ, ಮ್ಯಾನೇಜರ್ ಹೋರ್ಹೆ ಸಂಪೋಲಿ ಅವರ ಕೈಕೆಳಗೆ, ಎಲ್ಲ ಸ್ಪರ್ಧೆಗಳೂ ಸೇರಿ ಐವತ್ತಕ್ಕೂ ಹೆಚ್ಚು ಪಂದ್ಯ. ಅದರ ತವರಾದ ವೆಲೊಡ್ರೋಮ್ ಕ್ರೀಡಾಂಗಣದ ಪ್ರೇಕ್ಷಕರು ಸೋಲನ್ನು ಸುಮ್ಮನೆ ಸಹಿಸುವವರಲ್ಲ. ಅಂಥ ಕಡೆ ವಾರಕ್ಕೆರಡು ಪಂದ್ಯ ಆಡುತ್ತ ತಂಡವು ಲೀಗ್‌ನಲ್ಲಿ ಎರಡನೆಯ ಸ್ಥಾನಕ್ಕೂ ಯುವೆಫಾದ ಇನ್ನೊಂದು ಸ್ಪರ್ಧೆಯಾದ ಕಾನ್ಫರೆನ್ಸ್ ಲೀಗ್‌ನ ಸೆಮಿಫೈನಲ್‌ಗೂ ತಲುಪುವಲ್ಲಿ ಅವರ ಪಾಲು ದೊಡ್ಡದು. ಆ ಋತುವಿನ ಶ್ರೇಷ್ಠ ಯುವ ಆಟಗಾರ ಪ್ರಶಸ್ತಿಯನ್ನು ಫ್ರಾನ್ಸ್‌ನ ವೃತ್ತಿಪರ ಆಟಗಾರರ ಸಂಘವು ಅವರಿಗೇ ನೀಡಿತು. 2022ರ ಮಾರ್ಚ್‌ನಲ್ಲಿ ಅದೇ ವೆಲೊಡ್ರೋಮ್‌ನಲ್ಲಿ, ಐವರಿ ಕೋಸ್ಟ್ ವಿರುದ್ಧ, ಅವರು ರಾಷ್ಟ್ರೀಯ ತಂಡದ ಅಂಗಿಯನ್ನೂ ತೊಟ್ಟರು. ಆರ್ಸೆನಲ್‌ಗಿಂತ ಮೊದಲು ಅವರನ್ನು ಆಡಿಸಿದ್ದು ಫ್ರಾನ್ಸ್!

ಲೋನ್ ಎಂದರೆ ಸರ್ಕಾರಿ ನೌಕರ ನಿಯೋಜನೆಯ ಮೇಲೆ ಬೇರೆ ಇಲಾಖೆಗೆ ಹೋದಂತೆ; ಕೆಲಸ ಅಲ್ಲಿ, ಹುದ್ದೆ ಮೂಲ ಇಲಾಖೆಯಲ್ಲಿ. ನಿಯೋಜನೆ ಮುಗಿಸಿ ಬಂದವರು ಏನು ಮಾಡಿದರು ಎನ್ನುವುದಕ್ಕೆ ಅಂಕಿಗಳೇ ಸಾಕ್ಷಿ. 2022ರ ಆಗಸ್ಟ್ 5ರಂದು ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಮೊದಲ ಪಂದ್ಯ ಆಡಿದ ಸಲಿಬಾ, ಸತತ 27 ಲೀಗ್ ಪಂದ್ಯಗಳನ್ನು ಆಡಿದರು. ಆ 27ರಲ್ಲಿ ಆರ್ಸೆನಲ್ ಬಿಟ್ಟುಕೊಟ್ಟ ಗೋಲುಗಳು 25. ಮಾರ್ಚ್‌ನಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ ವಿರುದ್ಧದ ಪಂದ್ಯದಲ್ಲಿ ಬೆನ್ನುನೋವಿಗೆ ತುತ್ತಾಗಿ ಅವರು ಹೊರಗುಳಿದ ಮೇಲೆ, ಉಳಿದ 11 ಪಂದ್ಯಗಳಲ್ಲಿ 18 ಗೋಲು ಬಿದ್ದವು, ಲೀಗ್ ಪ್ರಶಸ್ತಿಯೂ ಕೈತಪ್ಪಿತು. ಅದೇ ರಾತ್ರಿ ಇನ್ನೊಬ್ಬ ಡಿಫೆಂಡರ್ ತೊಮಿಯಾಸು ಕೂಡ ಗಾಯಗೊಂಡಿದ್ದರಿಂದ ಎಲ್ಲವನ್ನೂ ಒಬ್ಬರ ಲೆಕ್ಕಕ್ಕೆ ಬರೆಯಲಾಗದು, ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿದೆ. ಮರುವರ್ಷ ಅವರು 38 ಲೀಗ್ ಪಂದ್ಯಗಳ ಪ್ರತಿಯೊಂದು ನಿಮಿಷವೂ ಆಡಿದರು, ತಂಡ ಬಿಟ್ಟುಕೊಟ್ಟದ್ದು 29 ಗೋಲು, ಲೀಗ್‌ನಲ್ಲೇ ಅತಿ ಕಡಿಮೆ. 2024ರ ಯುರೋ ಕೂಟದಲ್ಲಿ ಫ್ರಾನ್ಸ್ ಸೆಮಿಫೈನಲ್ ತಲುಪುವವರೆಗೆ ಬಿಟ್ಟುಕೊಟ್ಟದ್ದು ಪೋಲೆಂಡ್ ಹೊಡೆದ ಒಂದೇ ಒಂದು ಪೆನಾಲ್ಟಿ ಗೋಲು, ಅಲ್ಲಿಯೂ ರಕ್ಷಣೆಯ ನಡುವೆ ನಿಂತವರು ಸಲಿಬಾ. ಅಂಥವರನ್ನು 2023ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ದೀರ್ಘ ಒಪ್ಪಂದಕ್ಕೆ ಸಹಿ ಹಾಕಿಸಿ ಕ್ಲಬ್ ಉಳಿಸಿಕೊಂಡಿದೆ.

ಇದನ್ನೆಲ್ಲ ಬರೆಯುವಾಗ, ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತದೆ: ಲೋನ್‌ಗೆ ಫಿಫಾ ಕಡಿವಾಣ ಹಾಕಿರುವ ಈಗಿನ ಕಾಲದಲ್ಲಿ ಇಂಥ ದಾರಿ ಸಾಧ್ಯವೇ? 2022ರ ಜುಲೈಯಿಂದ ಜಾರಿಗೆ ಬಂದ ನಿಯಮದಂತೆ ಒಂದು ಕ್ಲಬ್ ಹೊರದೇಶಗಳಿಗೆ ಲೋನ್ ಮೇಲೆ ಕಳುಹಿಸಬಹುದಾದ ಆಟಗಾರರ ಸಂಖ್ಯೆ ಮೊದಲು ಎಂಟಿದ್ದು, ನಂತರ ಏಳಾಗಿ, 2024ರಿಂದ ಆರಕ್ಕೆ ಇಳಿದಿದೆ. ಒಂದು ಲೋನ್ ಒಂದು ವರ್ಷಕ್ಕಿಂತ ಹೆಚ್ಚಿರುವಂತಿಲ್ಲ, ಲೋನ್ ಮೇಲೆ ಹೋದವರನ್ನು ಆ ಕ್ಲಬ್ ಮೂರನೆಯವರಿಗೆ ಕೊಡುವಂತಿಲ್ಲ. ಆದರೆ 21 ವರ್ಷದೊಳಗಿನವರನ್ನೂ ಕ್ಲಬ್ ತಾನೇ ತಯಾರಿಸಿದ ಆಟಗಾರರನ್ನೂ ಈ ಸಂಖ್ಯೆಯ ಮಿತಿಯಿಂದ ಹೊರಗಿಡಲಾಗಿದೆ. ಮಾರ್ಸೇಲ್‌ನ ಋತುವಿನಲ್ಲಿ ಸಲಿಬಾ ಅವರಿಗೆ 21 ತುಂಬಿದ್ದು ಮಾರ್ಚ್‌ನಲ್ಲಿ, ಮತ್ತು ಆ ಹುಟ್ಟುಹಬ್ಬ ಬರುವ ಋತು ಮುಗಿಯುವವರೆಗೂ ವಿನಾಯಿತಿ ಇರುತ್ತದೆ. ಹೀಗಾಗಿ ಸೇಂಟ್ ಎಟಿಯೆನ್, ನೀಸ್, ಮಾರ್ಸೇಲ್, ಮೂರೂ ಲೋನ್‌ಗಳು ಇಂದಿನ ನಿಯಮದಡಿಯಲ್ಲೂ ಯಾವ ತೊಡಕೂ ಇಲ್ಲದೆ ನಡೆಯುತ್ತಿದ್ದವು.